90 ಹುಡುಗಿಯರ ಶಾಲೆಯಲ್ಲಿ ನನ್ನ ಮಗಳ 3 ವರ್ಷ
ಇಡೀ ಶಾಲೆಗೆ 90 ಹುಡುಗಿಯರು, ಅಷ್ಟೇ. ಎಲ್ಲರೂ ಅಲ್ಲೇ ಉಳಿಯುವವರು. ಎಬ್ಬಿಸಲು ಗಂಟೆ, ರಾತ್ರಿ 9ಕ್ಕೆ ದೀಪ ಬಂದ್, ಭಾನುವಾರ ಮನೆಗೆ ಕಾಗದ ಮತ್ತು 10 ನಿಮಿಷ ಫೋನ್. ಪಕ್ಕಾ ಹಳೇ ಕಾಲದ ಶಾಲೆ.

ಸೇರುವಾಗ ಮಗಳಿಗೆ ಸಿಕ್ಕ ನಂಬರ್ 47. ಅದನ್ನು ಪ್ರತಿ ಬಟ್ಟೆಗೂ ಹೊಲಿದು ಕೊಡಬೇಕು. ಕಾಲುಚೀಲಕ್ಕೆ ಯಾರು ಹೊಲಿಯುತ್ತಾರೆ ಅಂತ ಬಿಟ್ಟೆ. ತಿಂಗಳೊಳಗೆ ಒಂದು ಜೊತೆಯೂ ಉಳಿಯಲಿಲ್ಲ!

ಮೊದಲ ವಾರಗಳಲ್ಲಿ ಫೋನ್ ಬಂದರೆ ಬರೀ ಅಳು. "ಬಂದು ಕರ್ಕೊಂಡು ಹೋಗ್ತೀನಿ ಅಂತ ಮಾತ್ರ ಹೇಳಬೇಡಿ" ಎಂದಿದ್ದರು ಮೇಟ್ರನ್. ತಡೆಯಲಾರದೆ ಒಮ್ಮೆ ಹೇಳಿಬಿಟ್ಟೆ. ಮಾರನೇ ದಿನ ಅವಳು ಟ್ರಂಕು ತುಂಬಿಕೊಂಡು ಅದರ ಮೇಲೇ ಕೂತಿದ್ದಳಂತೆ. ತಪ್ಪು ನನ್ನದೇ.

ಆ ಮೇಟ್ರನ್‌ಗೆ ಮಾತ್ರ ಪೂರ್ತಿ ಅಂಕ. ಒಮ್ಮೆ ಡಾರ್ಮಿಟರಿಯಲ್ಲಿ ಹೇನು ಹರಡಿತು. ಯಾರಿಂದ ಶುರುವಾಯಿತು ಅಂತ ಅವರು ಕೇಳಲೇ ಇಲ್ಲ. 12 ಹುಡುಗಿಯರನ್ನೂ ಸಾಲಾಗಿ ಕೂರಿಸಿ, ಒಂದೇ ಸಂಜೆ ತಲೆ ನೋಡಿ ಔಷಧಿ ಹಚ್ಚಿದರು. ಸೀರು ಒಡೆದು ಮರಿ ಬರಲು ವಾರ, ಹತ್ತು ದಿನ ಹಿಡಿಯುತ್ತದೆ ಅಲ್ವಾ, ಅದಕ್ಕೆ 9ನೇ ದಿನ ಮತ್ತೊಮ್ಮೆ. ಯಾರಿಗೂ ಅವಮಾನ ಆಗಲಿಲ್ಲ.

ಈಗ ಕಹಿ ಮಾತು. ಎರಡನೇ ವರ್ಷ ಮಗಳಿಗೂ ಆಪ್ತ ಗೆಳತಿಗೂ ಜಗಳವಾಯಿತು. ಬೇರೆ ಸೆಕ್ಷನ್‌ಗೆ ಹಾಕಿ ಎನ್ನಲು ಇನ್ನೊಂದು ಸೆಕ್ಷನ್ನೇ ಇಲ್ಲ. ಮಾತು ಬಿಟ್ಟವಳ ಪಕ್ಕದ ಮಂಚದಲ್ಲೇ ಮಲಗಬೇಕು, ಅವಳ ಎದುರೇ ಕೂತು ಉಣ್ಣಬೇಕು. ಚಿಕ್ಕ ಶಾಲೆ ಅಂದರೆ ಇದೂ ಸೇರಿ.

ನಮಗೆ ಗೊತ್ತಾಗಿದ್ದು 2 ತಿಂಗಳ ನಂತರ. ಫೋನಿನ ಹತ್ತಿರ ಯಾವಾಗಲೂ ಸಾಲು, ಕಾಗದವನ್ನು ವಾರ್ಡನ್ ಓದಿಯೇ ಕವರ್ ಅಂಟಿಸುವುದು. ಹಾಗಾಗಿ ಪ್ರತಿ ಸಲ "ಚೆನ್ನಾಗಿದ್ದೀನಿ". ಆ ಗೆಳತಿಯ ಹೆಸರು ಬರುವುದು ನಿಂತಿತ್ತು, ಅದರಿಂದಲೇ ನನಗೆ ಅನುಮಾನ ಬಂದಿದ್ದು. ಕೇಳಿದರೆ ವಾರ್ಡನ್, "ಹುಡುಗಿಯರ ಜಗಳ, ಸುಮ್ನೆ ಬಿಡಿ" ಎಂದರು. ಕೊನೆಗೆ ದಾರಿ ಹುಡುಕಿದ್ದು ದೊಡ್ಡ ಕ್ಲಾಸಿನ ಒಬ್ಬ ಹುಡುಗಿ. ಯಾರನ್ನೂ ಕೇಳದೆ ತನ್ನ ಮಂಚ ಇವಳಿಗೆ ಬಿಟ್ಟುಕೊಟ್ಟು, ಆ ಜಾಗಕ್ಕೆ ತಾನು ಹೋದಳು.

ಎರಡನೆಯವಳನ್ನೂ ಅಲ್ಲಿಗೇ ಕಳಿಸ್ತೀರಾ ಅಂತ ಕೇಳುವವರಿದ್ದಾರೆ. ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡಲು ಒಂದು ಕೋಣೆ ಕೊಡಲಿ, ಕಾಗದ ಓದುವುದನ್ನು ಬಿಡಲಿ. ಕಳಿಸುತ್ತೇನೆ. ಈ ಸಲ ಕಾಲುಚೀಲಕ್ಕೂ ನಂಬರ್ ಹೊಲಿದೇ.