ಘನಫಲ ಕಲಿಸಲು ನೀರು ತುಂಬುವ ಸೆಟ್ಟೋ, ಸೆಂಟಿಮೀಟರ್ ಕ್ಯೂಬೋ?

ಐದನೇ ಕ್ಲಾಸಿನ ಮಕ್ಕಳಿಗೆ ಘನಫಲ ಹೇಳಿಕೊಡಲು ಏನು ಕೊಳ್ಳಬೇಕು ಅಂದರೆ ನಾನು ಹೇಳುವುದು ಒಂದೇ: 1 ಸೆಂ.ಮೀ. ಅಳತೆಯ ಪ್ಲಾಸ್ಟಿಕ್ ಕ್ಯೂಬು. ಮನೆಪಾಠದ ಮಕ್ಕಳಿಗೆ ಮೊದಲು ತರಿಸಿದ್ದು ಮಾತ್ರ ನೀರು ತುಂಬುವ ಗಾಜಿನಂಥ ಪ್ಲಾಸ್ಟಿಕ್ ಆಕೃತಿಗಳ ಸೆಟ್. ನೋಡಲು ಚೆಂದ, ಬೆಲೆಯೂ ಜಾಸ್ತಿ.

ತೊಂದರೆ ಇರುವುದು ಅದರ ಗೋಡೆಯಲ್ಲಿ. ಮಕ್ಕಳು ಸ್ಕೇಲ್ ಇಟ್ಟು ಅಳೆಯುವುದು ಹೊರಗಿನ ಅಂಚನ್ನು, ನೀರು ನಿಲ್ಲುವುದು ಒಳಗೆ. ಹೊರಗೆ 5 ಸೆಂ.ಮೀ. ಇರುವ ಘನಕ್ಕೆ 2 ಮಿ.ಮೀ. ದಪ್ಪದ ಗೋಡೆ ಇದ್ದರೆ ಒಳಗೆ ಉಳಿಯುವುದು 4.6 ಸೆಂ.ಮೀ. ಲೆಕ್ಕದಲ್ಲಿ 125 ಘನ ಸೆಂ.ಮೀ. ಬರುತ್ತದೆ. 1 ಘನ ಸೆಂ.ಮೀ. ಅಂದರೆ 1 ಮಿ.ಲೀ., ಆದರೆ ಹಿಡಿಯುವ ನೀರು ಸುಮಾರು 97 ಮಿ.ಲೀ. ಅಷ್ಟೇ. ಗುಣಾಕಾರ ಸರಿಯಾಗಿ ಮಾಡಿದ್ದ ಹುಡುಗಿಯೊಬ್ಬಳು ಅಳತೆಯ ಜಾರ್ ನೋಡಿ ತನ್ನ ಉತ್ತರವನ್ನೇ ರಬ್ಬರ್ ಹಚ್ಚಿ ಅಳಿಸಿಬಿಟ್ಟಳು. ನನಗೆ ಬೇಜಾರಾಗಿದ್ದು ಅದಕ್ಕೇ. ಗೋಡೆಯ ದಪ್ಪವನ್ನು ಎರಡೂ ಕಡೆ ಕಳೆದು, ಆಮೇಲೆ ದಶಮಾಂಶ ಗುಣಿಸುವುದು ಆ ವಯಸ್ಸಿಗೆ ಬೇರೆಯೇ ಪಾಠ, ಅಲ್ವಾ? ಜೊತೆಗೆ ಮುಚ್ಚಳದಿಂದ ನೀರು ಸೋರುವ ಕಾಟ.

ಕ್ಯೂಬಿನಲ್ಲಿ ಈ ಗೊಂದಲವೇ ಇಲ್ಲ. ಕೆಳಗೆ 4×3 ಜೋಡಿಸಿದರೆ 12. ಅದರ ಮೇಲೆ ಇನ್ನೊಂದು ಪದರ ಇಟ್ಟರೆ 24. ಎತ್ತರದಿಂದ ಯಾಕೆ ಗುಣಿಸಬೇಕು ಅಂತ ಜೋಡಿಸುವಾಗಲೇ ಗೊತ್ತಾಗುತ್ತದೆ. ಎಷ್ಟೋ ಮಕ್ಕಳು ಪುಸ್ತಕದ ಚಿತ್ರದಲ್ಲಿ ಕಾಣುವ ಚೌಕಗಳನ್ನಷ್ಟೇ ಎಣಿಸುತ್ತಾರೆ. ಇದೇ ಆಕೃತಿಯ ಚಿತ್ರದಲ್ಲಿ ಅವು 26: ಮೇಲೆ 12, ಮುಂದೆ 8, ಪಕ್ಕದಲ್ಲಿ 6. ಮೇಲಿನ ಪದರ ಎತ್ತಿ, ಒಳಗೆ ಅಡಗಿರುವ ಕ್ಯೂಬುಗಳನ್ನು ತೋರಿಸಿ. ಆದರೆ 3×3×3ರಿಂದ ಶುರು ಮಾಡಬೇಡಿ. ಅಲ್ಲಿ ಕಾಣುವ ಚೌಕಗಳೂ 27, ಸರಿಯುತ್ತರವೂ 27. ತಪ್ಪಾಗಿ ಎಣಿಸಿದ ಮಗು ಯಾರು ಅಂತ ನಿಮಗೆ ಗೊತ್ತೇ ಆಗುವುದಿಲ್ಲ.

ಕೊಳ್ಳುವಾಗ ಅಳತೆ ನೋಡಿ. ಒಂದಕ್ಕೊಂದು ಸಿಕ್ಕಿಸುವ ಕ್ಯೂಬುಗಳು ಹೆಚ್ಚಾಗಿ 2 ಸೆಂ.ಮೀ. ಇರುತ್ತವೆ. ಅಂಥದ್ದು ಒಂದೇ 8 ಘನ ಸೆಂ.ಮೀ. ಆಗುತ್ತದೆ.

ಸಕ್ಕರೆ ಕ್ಯೂಬು ಬೇಡ, ಮೂಲೆ ಉದುರುತ್ತದೆ, ಇರುವೆ ಬರುತ್ತದೆ. ಬೆಂಕಿಪೊಟ್ಟಣಕ್ಕೆ ಖರ್ಚಿಲ್ಲ. ಯಾವ ಡಬ್ಬದಲ್ಲಿ ಜಾಸ್ತಿ ಹಿಡಿಯುತ್ತದೆ ಅಂತ ಚಿಕ್ಕವರಿಗೆ ತೋರಿಸಲು ಸಾಕು.

ನೀರಿನ ಸೆಟ್ ಹೈಸ್ಕೂಲಿನವರಿಗೆ ಚೆನ್ನಾಗಿದೆ. ಒಂದೇ ಬುಡ, ಒಂದೇ ಎತ್ತರದ ಶಂಕುವಿನಿಂದ ಮೂರು ಸಲ ಸುರಿದರೆ ಸಿಲಿಂಡರ್ ತುಂಬುತ್ತದೆ. ಅಲ್ಲಿ ಸ್ಕೇಲ್ ಬೇಕಿಲ್ಲ.

ನಾನು ಪಾಠ ಮಾಡುವುದು ಹಾಲ್‌ನಲ್ಲಿ ಚಾಪೆ ಹಾಸಿಕೊಂಡು. ಅಲ್ಲಿ ನೀರು ಆಗಿಬರುವುದಿಲ್ಲ. ದುಡ್ಡು ಕಡಿಮೆ ಇದ್ದರೆ 100 ಕ್ಯೂಬು ತಗೊಳ್ಳಿ, 5×5×4ರವರೆಗೆ ಕಟ್ಟಬಹುದು.