ಗಿಡಗಳ ಅಕ್ವೇರಿಯಂಗೆ ಕಾರ್ಬನ್ ಡೈಆಕ್ಸೈಡ್: ಹಣ ರೆಗ್ಯುಲೇಟರ್‌ಗೆ ಹೋಗಲಿ

ಗಿಡಗಳಿಗೆ ಬೇಕಾದ ಕಾರ್ಬನ್ ಡೈಆಕ್ಸೈಡ್‌ಗಾಗಿ ಯೀಸ್ಟ್-ಸಕ್ಕರೆ ಹುದುಗಿಸುವ ಬಾಟಲಿ ಬಿಟ್ಟು ಸಿಲಿಂಡರ್‌ಗೆ ಬಂದ ಮೇಲೆ ನನ್ನ ತೊಟ್ಟಿಯ ರೊಟಾಲಾ ಗಿಡಗಳು ಕೆಂಪಾಗಿ ನಳನಳಿಸುತ್ತಿವೆ. ಯೀಸ್ಟ್ ಅಗ್ಗ, ನಿಜ. ಆದರೆ ಅನಿಲ ಇಂದು ಹೆಚ್ಚು, ನಾಳೆ ಕಡಿಮೆ. ರಾತ್ರಿ ನಿಲ್ಲಿಸುವ ದಾರಿಯೂ ಇಲ್ಲ. ಪಾಚಿ ಹಬ್ಬುವುದಕ್ಕೆ ಈ ಏರಿಳಿತವೇ ಸಾಕು.

ನಾನು ಆರಿಸಿಕೊಂಡದ್ದು 2 ಕಿಲೋ ಸಿಲಿಂಡರ್ ಮತ್ತು ಸೊಲೆನಾಯ್ಡ್ (ವಿದ್ಯುತ್ತಿನಿಂದ ಅನಿಲವನ್ನು ಬಿಡುವ, ನಿಲ್ಲಿಸುವ ಕವಾಟ) ಇರುವ ಎರಡು ಹಂತದ ರೆಗ್ಯುಲೇಟರ್, ಅಂದರೆ ಸಿಲಿಂಡರ್‌ನ ಒತ್ತಡವನ್ನು ಎರಡು ಬಾರಿ ತಗ್ಗಿಸುವ ಸಾಧನ. ಎರಡು ಹಂತವೇ ಏಕೆಂದರೆ, ಸಿಲಿಂಡರ್‌ನಲ್ಲಿ ದ್ರವರೂಪದ ಕಾರ್ಬನ್ ಡೈಆಕ್ಸೈಡ್ ಇರುವವರೆಗೆ ಒತ್ತಡ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ದ್ರವ ಮುಗಿದೊಡನೆ ಕುಸಿಯುತ್ತದೆ. ಆಗ ಒಂದೇ ಹಂತದ ರೆಗ್ಯುಲೇಟರ್‌ನಲ್ಲಿ ಹೊರಹರಿವು ಏರಿ ಮೀನುಗಳ ಜೀವಕ್ಕೇ ಕುತ್ತು ಬರಬಹುದು. ಎಷ್ಟು ಉಳಿದಿದೆ ಎಂಬುದನ್ನೂ ಗೇಜ್ ಸರಿಯಾಗಿ ಹೇಳದು, ತೂಗಿಯೇ ತಿಳಿಯಬೇಕು.

ಈ ರೆಗ್ಯುಲೇಟರ್‌ನ ನೀಡಲ್ ವಾಲ್ವ್ (ಅನಿಲದ ಹರಿವನ್ನು ಸೂಕ್ಷ್ಮವಾಗಿ ಹೊಂದಿಸುವ ಕವಾಟ) ನನಗೆ ಬಹಳ ಮೆಚ್ಚುಗೆಯಾಯಿತು. ಕೂದಲೆಳೆಯಷ್ಟು ತಿರುಗಿಸಿದರೂ ಗುಳ್ಳೆಗಳ ವೇಗ ಬದಲಾಗುತ್ತದೆ, ಇಟ್ಟ ವೇಗ ಮರುದಿನವೂ ಹಾಗೆಯೇ ಇರುತ್ತದೆ. ಸೊಲೆನಾಯ್ಡ್‌ಗೆ ಜೋಡಿಸಿದ ಟೈಮರ್, ದೀಪ ಹೊತ್ತುವುದಕ್ಕಿಂತ ಒಂದೆರಡು ಗಂಟೆ ಮೊದಲೇ ಅನಿಲ ಬಿಡುತ್ತದೆ.

ಅನಿಲವನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಗಾಜಿನ ಡಿಫ್ಯೂಸರ್ ಚೆಂದ, ಆದರೆ ಅದರ ಸೆರಾಮಿಕ್ ತಟ್ಟೆಗೆ ಪಾಚಿ ಕಟ್ಟುತ್ತದೆ, ಆಗಾಗ ತೊಳೆಯಬೇಕು. ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಹರಿಯಗೊಡುವ ಕವಾಟ) ಇಲ್ಲದೆ ಜೋಡಿಸಲೇಬೇಡಿ, ತೊಟ್ಟಿಯ ನೀರು ರೆಗ್ಯುಲೇಟರ್‌ನತ್ತ ಹಿಮ್ಮುಖವಾಗಿ ಹರಿದೀತು. ನೀರಿನಲ್ಲಿರುವ ಅನಿಲದ ಮಟ್ಟವನ್ನು ಬಣ್ಣದಿಂದ ತೋರಿಸುವ ಡ್ರಾಪ್ ಚೆಕರ್ ಕೂಡ ಬೇಕೇ ಬೇಕು. ಅದರೊಳಗಿನ 4 ಡಿಕೆಎಚ್ (ಕಾರ್ಬೊನೇಟ್ ಗಡಸುತನದ ಅಳತೆ) ದ್ರಾವಣ ಹಸಿರಾದರೆ ನೀರಿನಲ್ಲಿ ಅನಿಲ ಸುಮಾರು 30 ಪಿಪಿಎಂ (ಹತ್ತು ಲಕ್ಷದಲ್ಲಿ 30 ಭಾಗ). ಹಳದಿಯಾದರೆ ಅನಿಲ ಹೆಚ್ಚಾಗಿದೆ, ಕೂಡಲೇ ತಗ್ಗಿಸಿ. ಬಣ್ಣ ಬದಲಾಗಲು ಒಂದೆರಡು ಗಂಟೆ ಬೇಕು, ಆದ್ದರಿಂದ ಮೊದಲ ದಿನ ಮೀನುಗಳ ಉಸಿರಾಟವನ್ನೇ ಗಮನಿಸುತ್ತಿರಿ.