ಪಿಕಪ್‌ಗೆ ಮೈಲೇಜ್ ಡಬ್ಬಿ ಹಾಕಿಸಬೇಡಿ, ಮೀಟರ್ ತೋರಿಸುವುದು ಸುಳ್ಳು ಲೆಕ್ಕ

ಡೀಸೆಲ್ ಪಿಕಪ್ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ಕೋಲಾರದಿಂದ ಬೆಂಗಳೂರಿಗೆ ಟೊಮ್ಯಾಟೊ ಹೊರುವ ಒಂದು ಬಿಎಸ್6 (ಹೊಸ ಹೊಗೆ ನಿಯಮದ) ಗಾಡಿಗೆ ‘ಲೀಟರಿಗೆ ಎರಡು ಕಿಲೋಮೀಟರ್ ಜಾಸ್ತಿ, ಗ್ಯಾರಂಟಿ’ ಎಂದು ಹೇಳಿ 6,500 ರೂಪಾಯಿಯ ಡಬ್ಬಿ ಕೂರಿಸಿದರು. ಮರುದಿನವೇ ಡ್ಯಾಶ್‌ಬೋರ್ಡಿನಲ್ಲಿ ಲೀಟರಿಗೆ 12.8 ಕಿಲೋಮೀಟರ್ ಇದ್ದದ್ದು 14.6 ಆಯಿತು. ಎರಡೇ ತಿಂಗಳಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ದೀಪ ಹತ್ತಿಕೊಂಡಿತು. ಎಂಜಿನ್ ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆ ದಾಟಿ ಒಂದು ಬೆರಳಷ್ಟು ಏರಿತ್ತು. ಎರಡು ಬೆರಳ ನಡುವೆ ಉಜ್ಜಿದರೆ ಜಿಗುಟೇ ಇಲ್ಲ, ನೀರಿನಂತೆ ಜಾರುತ್ತದೆ. ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ.

ಆ ಡಬ್ಬಿ ಕೂರುವುದು ಕಾಮನ್ ರೈಲಿನ (ಇಂಜೆಕ್ಟರುಗಳಿಗೆ ಒತ್ತಡದ ಡೀಸೆಲ್ ಕೊಡುವ ಪೈಪು) ಪ್ರೆಶರ್ ಸೆನ್ಸರ್ ಸಾಕೆಟ್ಟಿಗೆ. ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಅದು ಇಸಿಯುಗೆ (ಎಂಜಿನ್ನಿನ ಕಂಪ್ಯೂಟರಿಗೆ) ಹೇಳುತ್ತದೆ. ಇಸಿಯು ಪಂಪಿನಿಂದ ಒತ್ತಡ ಏರಿಸುತ್ತದೆ, ಇಂಜೆಕ್ಟರ್ ಪ್ರತಿ ಸಲವೂ ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ. ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿ ಡೀಸೆಲ್ ಅಳೆದು ಬಂದದ್ದಲ್ಲ, ಇಸಿಯು ತಾನು ಬಿಟ್ಟೆ ಅಂದುಕೊಂಡ ಡೀಸೆಲ್ಲಿನ ಲೆಕ್ಕ. ಹೆಚ್ಚುವರಿ ಹೋದದ್ದು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಇತ್ತ ಮಸಿ ಜಾಸ್ತಿಯಾಗಿ ಡಿಪಿಎಫ್ ಬೇಗ ಕಟ್ಟುತ್ತದೆ. ಅದನ್ನು ಸುಡಲು ಎಂಜಿನ್ ತಡವಾಗಿ ಇನ್ನಷ್ಟು ಡೀಸೆಲ್ ಚಿಮ್ಮಿಸುತ್ತದೆ, ಅದರಲ್ಲಿ ಒಂದು ಪಾಲು ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ಸೇರುತ್ತದೆ. ತೆಳುವಾದ ಆಯಿಲಿನ ಪೆಟ್ಟು ಮೊದಲು ಬೀಳುವುದು ಟರ್ಬೊ (ಎಂಜಿನ್ನಿಗೆ ಗಾಳಿ ತುಂಬುವ ಭಾಗ) ಬೇರಿಂಗಿಗೆ.

ಅದೇ ಗಾಡಿಯನ್ನು ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕಿಗೆ ಅಳೆದಾಗ ಡಬ್ಬಿ ಇದ್ದಾಗ 486 ಕಿಲೋಮೀಟರಿಗೆ 40.8 ಲೀಟರ್, ಅಂದರೆ 11.9. ತೆಗೆದ ಮೇಲೆ ಅದೇ ರಸ್ತೆ, ಅದೇ ಲೋಡಿಗೆ 502 ಕಿಲೋಮೀಟರಿಗೆ 40.2 ಲೀಟರ್, ಅಂದರೆ 12.5.

ಅಳೆಯುವಾಗ ಹೆಚ್ಚಿನವರು ತಪ್ಪುವುದು ಇಲ್ಲಿ: ಹತ್ತು ಲೀಟರ್ ಹಾಕಿಸಿ, ಡೀಸೆಲ್ ಮುಗಿಯುತ್ತಿದೆ ಎನ್ನುವ ದೀಪ ಹತ್ತುವವರೆಗೆ ಓಡಿಸಿ ಲೆಕ್ಕ ಹಾಕುತ್ತಾರೆ. ಫುಲ್ ಟ್ಯಾಂಕ್ ಮಾಡಿಸುವಾಗಲೂ ಡೀಸೆಲ್ ನೊರೆ ಕಟ್ಟುವುದರಿಂದ ಬಂಕಿನ ನಾಜಲ್ ಬೇಗ ಕಟ್ ಆಗುತ್ತದೆ. ಹಾಗಾಗಿ ಒಂದೆರಡು ಲೀಟರ್ ಆಚೀಚೆ ಆಗುವುದು ಸಹಜ. ಹತ್ತು ಲೀಟರಿನಲ್ಲಿ ಎರಡು ಲೀಟರ್ ತಪ್ಪಿದರೆ ನೂರಕ್ಕೆ ಇಪ್ಪತ್ತರಷ್ಟು ಸುಳ್ಳು, ನಲವತ್ತರಲ್ಲಿ ಬರೀ ಐದು. ಫುಲ್ ಟ್ಯಾಂಕ್ ಮಾಡಿಸುವುದು ಪ್ರತಿ ಸಲವೂ ಅದೇ ಬಂಕ್, ಅದೇ ನಾಜಲ್, ಸಮತಟ್ಟು ಜಾಗದಲ್ಲಿ ಇರಲಿ. ಮೊದಲ ಕಟ್ ಆದ ಮೇಲೆ ಎರಡು ನಿಮಿಷ ಬಿಟ್ಟು ನಿಧಾನವಾಗಿ ಎರಡನೇ ಕಟ್‌ವರೆಗೆ ಹಾಕಿಸಿ. ಕನಿಷ್ಠ 400 ಕಿಲೋಮೀಟರ್ ಓಡಿಸಿ, ಹೀಗೆ ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಟೈರ್ ಸೈಜ್ ಬದಲಿಸಿದ್ದರೆ ಓಡೋಮೀಟರನ್ನೇ ನಂಬಬೇಡಿ, ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ಹತ್ತು ಕಿಲೋಮೀಟರ್ ಹೋಲಿಸಿ.

ನಿಜವಾಗಿ ಡೀಸೆಲ್ ಉಳಿಯುವ ಜಾಗಗಳು ಬೇರೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಗಾಡಿಗೆ ಅಂಟಿಸಿದ ಸ್ಟಿಕ್ಕರಿನಲ್ಲೋ ಮ್ಯಾನ್ಯುಯಲ್‌ನಲ್ಲೋ ಲೋಡಿಗೆಂದು ಕೊಟ್ಟಿರುವಷ್ಟು ಗಾಳಿ ಹಿಡಿಸಿ. ಹತ್ತು ಕಿಲೋಮೀಟರ್ ಓಡಿಸಿ, ಜೋರಾಗಿ ಬ್ರೇಕ್ ಒತ್ತದೆ ನಿಲ್ಲಿಸಿ, ಒಂದೊಂದು ಚಕ್ರದ ಹತ್ತಿರ ಅಂಗೈ ಹಿಡಿಯಿರಿ (ಮುಟ್ಟಬೇಡಿ). ಒಂದು ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ಏರ್ ಫಿಲ್ಟರ್ ಬದಲಿಸಿ. ಇಂಜೆಕ್ಟರ್ ಮೇಲೆ ಅನುಮಾನ ಇದ್ದರೆ ರಿಟರ್ನ್ ಟೆಸ್ಟ್ (ಒಂದೊಂದು ಇಂಜೆಕ್ಟರ್ ಎಷ್ಟು ಡೀಸೆಲ್ ವಾಪಸ್ ಬಿಡುತ್ತದೆ ಎಂಬ ಪರೀಕ್ಷೆ) ಮಾಡಿಸಿ, ನಾಲ್ಕರಲ್ಲಿ ಒಂದು ಹೆಚ್ಚು ವಾಪಸ್ ಬಿಡುತ್ತಿದ್ದರೆ ಅದೇ ಕಳ್ಳ. 60ರಲ್ಲಿ ಹೋಗುವ ಗಾಡಿ 80ಕ್ಕೆ ಏರಿದರೆ ಗಾಳಿಯ ತಡೆ ಸುಮಾರು 1.8 ಪಟ್ಟು ಆಗುತ್ತದೆ. ಹಿಂತಿರುಗುವಾಗ ಖಾಲಿ ಕ್ರೇಟುಗಳು ಕ್ಯಾಬಿನ್ ಎತ್ತರ ಮೀರದಿರಲಿ, ಟಾರ್ಪಾಲು ಪಟಪಟ ಬಡಿಯದಂತೆ ಬಿಗಿಯಿರಿ.

ಡಬ್ಬಿ ಈಗಾಗಲೇ ಹಾಕಿಸಿದ್ದರೆ ಇವತ್ತೇ ಡಿಪ್‌ಸ್ಟಿಕ್ ನೋಡಿ. ಆಯಿಲ್ ಮೇಲಿನ ಗೆರೆ ದಾಟಿದ್ದರೆ ಗಾಡಿ ಓಡಿಸಲೇಬೇಡಿ. ಹೆಚ್ಚಾದ ಆಯಿಲನ್ನು ಎಂಜಿನ್ ಒಳಗೆ ಎಳೆದುಕೊಂಡರೆ ಕೀ ತೆಗೆದರೂ ಆಫ್ ಆಗದೆ ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಡಬ್ಬಿ ಕಳಚಿ, ಸಾಕೆಟ್ ಮೊದಲಿನಂತೆ ಕೂರಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿದ ಮೇಲೆಯೇ ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನಲ್ಲಿ ಕಟ್ಟಿದ ಮಸಿ ಸುಡಿಸಿ.